ಏಡಿ ಹಿಡಿದೇ ನಲವತ್ತನೇ ಲೆವೆಲ್

ಗೇಮ್ ಕಂಪನಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡಿ, "ಮೇಡಂ, ಈ ಕೆಲಸಕ್ಕೆ ಏನು ಕಲಿತಿರಬೇಕು?" ಎಂದು ಕೇಳುತ್ತಾರೆ. ಗಣಿತ ಬರಬೇಕು ಎಂದರೆ ಸಪ್ಪಗಾಗುತ್ತಾರೆ. ದಿನವಿಡೀ ಆಟ ಆಡಬೇಕು ಎಂದರೆ ಹಿಗ್ಗುತ್ತಾರೆ. ಎರಡೂ ನಿಜವೇ. ಆದರೆ ನಾನು ಅವರಿಗೆ ಹೇಳುವುದು ಭೀಮುನಿಪಟ್ಟಣದ ಒಬ್ಬ ನಿವೃತ್ತ ಡ್ರಾಯಿಂಗ್ ಟೀಚರ್ ಕಥೆ. ಆಕೆ ನಮ್ಮ ಆಟದಲ್ಲಿ ಒಂದೂವರೆ ವರ್ಷ ಏಡಿ ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. ಹಾಗೆ ಮಾಡಲು ಸಾಧ್ಯವಾದದ್ದು ನನ್ನ ತಪ್ಪಿನಿಂದ. ಆ ತಪ್ಪನ್ನು ತಿದ್ದಲು ಹೊರಟಾಗ ಆಕೆಗೆ ಸಿಗಬೇಕಾಗಿದ್ದ ಮನೆಯೊಂದು ಕೈತಪ್ಪಿ ಹೋಗುವುದರಲ್ಲಿತ್ತು. ಅಲ್ಲಿಗೆ ಬರುವ ಮೊದಲು ನಾನು ಈ ಕೆಲಸಕ್ಕೆ ಹೇಗೆ ಬಂದು ಬಿದ್ದೆ ಎನ್ನುವುದನ್ನು ಹೇಳಿಬಿಡುತ್ತೇನೆ.

ನಾನು ಗದಗಿನವಳು. ನಮ್ಮೆಜಮಾನರು ಬ್ಯಾಂಕಿನಲ್ಲಿದ್ದರು. ಅವರಿಗೆ ವಿಜಯವಾಡಕ್ಕೆ ವರ್ಗವಾದಾಗ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಬಂದೆ. ಬಿ.ಎಸ್ಸಿ. ಗಣಿತ ಆಗಿತ್ತು, ತೆಲುಗು ಆರು ತಿಂಗಳಲ್ಲಿ ನಾಲಿಗೆಗೆ ಹತ್ತಿತು, ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್ ಆದೆ. ಅಲ್ಲಿ ನನಗೊಂದು ಕೆಟ್ಟ ಹೆಸರಿತ್ತು. ನಾನು ಯಾರಿಗೂ ಸೊನ್ನೆ ಕೊಡುತ್ತಿರಲಿಲ್ಲ. ಉತ್ತರವೆಲ್ಲ ತಪ್ಪಾಗಿದ್ದರೂ ಪ್ರಶ್ನೆಯನ್ನು ಅಂದವಾಗಿ ಬರೆದಿದ್ದರೆ ಒಂದು ಅಂಕ. ಹೆಡ್‌ಮಿಸ್ಟ್ರೆಸ್ ಒಮ್ಮೆ ಉತ್ತರ ಪತ್ರಿಕೆಗಳ ಕಟ್ಟನ್ನೇ ಮುಂದಿಟ್ಟುಕೊಂಡು, "ಸುನಂದಾ ಗಾರು, ಪ್ರಶ್ನೆ ನಕಲು ಮಾಡಿದ್ದಕ್ಕೆಲ್ಲ ಅಂಕವಾ?" ಎಂದು ತರಾಟೆಗೆ ತೆಗೆದುಕೊಂಡರು. "ಮೂರು ಗಂಟೆ ಕೂತಿದ್ದಾನಲ್ಲ ಮೇಡಂ" ಎಂದೆ. ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಈ ಒಂದು ಅಂಕದ ಚಟವನ್ನು ನೀವೂ ನೆನಪಿಟ್ಟುಕೊಳ್ಳಿ, ಮುಂದೆ ಅದು ನನ್ನ ಕುತ್ತಿಗೆಗೇ ಬಂತು.

ಗವರ್ನರ್‌ಪೇಟೆಯಲ್ಲಿ ಒಂದು ಸಗಟು ಸ್ಟೇಷನರಿ ಅಂಗಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪ್ರಸಾದರಾವ್ ಎನ್ನುವವರು ಮಕ್ಕಳಿಗೆ ಲೆಕ್ಕ ಕಲಿಸುವ ಆಟದ ಸಿ.ಡಿ. ಮಾಡುತ್ತಿದ್ದರು. ಲೆಕ್ಕ ಬರೆದುಕೊಡಲು ಒಬ್ಬರು ಬೇಕೆಂದು ಶಾಲೆಗೆ ಹೇಳಿಕಳುಹಿಸಿದರು. ಸಂಜೆ ಎರಡು ತಾಸಿನ ಕೆಲಸ ಎಂದು ಹೋದವಳು ಮುಂದಿನ ನೌಕರಿಯ ವರ್ಷಗಳನ್ನೆಲ್ಲ ಅವರ ಕೈಕೆಳಗೇ ಕಳೆದೆ. ಕೆಳಗೆ ಆಟೋಗಳ ಹಾರ್ನು, ಮೇಲೆ ನಮ್ಮ ಕೀಲಿಮಣೆಯ ಟಕಟಕ, ನಡುವೆ ಅಂಗಡಿಯವರ ಕೂಗಾಟ. ಅಲ್ಲಿ ನಾನು ಮಾಡಿದ ಮೊದಲ ಎಡವಟ್ಟು ನಕ್ಷತ್ರಗಳದ್ದು. ಸರಿಯಾದ ಒಂದೊಂದು ಲೆಕ್ಕಕ್ಕೂ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಕಿರೀಟ ಎಂದು ಇಟ್ಟೆ. ಮಕ್ಕಳು ಒಂದು ವಾರದಲ್ಲಿ ಇದ್ದಬದ್ದ ಕಿರೀಟಗಳನ್ನೆಲ್ಲ ತೊಟ್ಟುಕೊಂಡು ಸಿ.ಡಿ.ಯನ್ನು ಮೂಲೆಗೆಸೆದರು. ಮುಂದಿನ ಸಿ.ಡಿ.ಯಲ್ಲಿ ಹಟಕ್ಕೆ ಬಿದ್ದು ಕಿರೀಟಕ್ಕೆ ಇನ್ನೂರು ನಕ್ಷತ್ರ ಕೇಳಿದೆ. ಮಕ್ಕಳು ಎರಡೇ ದಿನಕ್ಕೆ ಎದ್ದುಹೋದರು. ಬಹುಮಾನ ಬಹಳ ಹತ್ತಿರವೂ ಇರಬಾರದು, ಕಣ್ಣಿಗೆ ಕಾಣದಷ್ಟು ದೂರವೂ ಇರಬಾರದು ಎನ್ನುವುದು ಹೀಗೆ ಎರಡು ಸಿ.ಡಿ. ಹಾಳು ಮಾಡಿದ ಮೇಲೆ ತಲೆಗೆ ಹೋಯಿತು.

ಪ್ರಸಾದರಾವ್ ಗಾರು ಕೆಟ್ಟವರಲ್ಲ, ಆದರೆ ಗಡಿಯಾರದ ಮನುಷ್ಯ. ಹನ್ನೊಂದಕ್ಕೆ ಕೊಡುತ್ತೇವೆ ಎಂದರೆ ಹನ್ನೊಂದಕ್ಕೆ ಕೊಡಬೇಕು. ಒಮ್ಮೆ ಬಣ್ಣ ತುಂಬುವವನು ತಡ ಮಾಡಿದ್ದಕ್ಕೆ ಅರ್ಧ ಕಾಡನ್ನು ಬಿಳಿಯಾಗಿಯೇ ಬಿಟ್ಟು ಸಿ.ಡಿ. ಹೊರಗೆ ಕಳಿಸಿದ ಪುಣ್ಯಾತ್ಮರು ಅವರು. ಯಾರೋ ಕೇಳಿದ್ದಕ್ಕೆ, "ಮಂಜು ಬಿದ್ದಿದೆ ಅಂತ ಹೇಳಿ" ಎಂದರಂತೆ.

ಕಂಪನಿ ಬೆಳೆಯಿತು, ವಿಶಾಖಪಟ್ಟಣಕ್ಕೆ ಹೋಯಿತು. ನಮ್ಮೆಜಮಾನರಿಗೂ ಕೆಲ ವರ್ಷಗಳಲ್ಲಿ ಅಲ್ಲಿಗೇ ವರ್ಗವಾಯಿತು. ಋಷಿಕೊಂಡದ ಗುಡ್ಡದ ಮೇಲಿನ ಕಚೇರಿಯಲ್ಲಿ ನನಗೆ ಸಮುದ್ರ ಕಾಣುವ ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಸಿ.ಡಿ. ಕಾಲ ಮುಗಿದು ಫೋನಿನ ಕಾಲ ಬಂದಿತ್ತು. ಈಗ ನಾವು ಮಾಡುತ್ತಿದ್ದುದು ಪಾತ್ರ ಬೆಳೆಸುವ ಆಟಗಳು. ಆಡುವವರು ಒಂದು ಪಾತ್ರವನ್ನು ಆರಿಸಿಕೊಳ್ಳುತ್ತಾರೆ, ಅದಕ್ಕೆ ಹೆಸರಿಡುತ್ತಾರೆ, ಪ್ರಾಣಿ ರಾಕ್ಷಸರ ಜೊತೆ ಕಾದಾಡಿ ಪಾಯಿಂಟ್ ಗಳಿಸುತ್ತಾರೆ, ಪಾಯಿಂಟ್ ತುಂಬಿದಾಗ ಪಾತ್ರ ಒಂದು ಲೆವೆಲ್ ಮೇಲೇರುತ್ತದೆ. ಯಾವುದಕ್ಕೆ ಎಷ್ಟು ಪಾಯಿಂಟ್, ಯಾವ ಲೆವೆಲ್‌ಗೆ ಏನು ಬಹುಮಾನ ಎಂದು ತೂಗಿ ಇಡುವುದು ನನ್ನ ಕೆಲಸ.

ತೂಗಬೇಕಾದರೆ ಬೇರೆಯವರ ತಕ್ಕಡಿ ನೋಡಬೇಕಲ್ಲ. ಬೇರೆ ಕಂಪನಿಗಳ ಆಟಗಳನ್ನೆಲ್ಲ ತಂದು ಆಡಿ, ಎಷ್ಟು ನಿಮಿಷಕ್ಕೆ ಯಾವ ಲೆವೆಲ್ ಬಂತು ಎಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಕೆಲವು ಆಟಗಳಲ್ಲಿ ಏನು ಮಾಡಿದರೂ ಎಲ್ಲ ಪಾಯಿಂಟುಗಳೂ ಒಂದೇ ಡಬ್ಬಿಗೆ ಬೀಳುತ್ತವೆ. ಹತ್ತು ಹಂದಿ ಹೊಡೆದರೆ ಬೀಗ ತೆಗೆಯುವ ವಿದ್ಯೆಯೂ ಬಂದುಬಿಡುತ್ತದೆ. ರೊಟ್ಟಿ ತಟ್ಟಿದ್ದಕ್ಕೆ ಈಜು ಬಂದ ಹಾಗೆ. ಇದು ನನಗೆ ಸರಿಬರಲಿಲ್ಲ. ಇನ್ನು ಕೆಲವು ಆಟಗಳಲ್ಲಿ ಯಾವುದನ್ನು ಮಾಡುತ್ತೀರೋ ಅದಷ್ಟೇ ಬೆಳೆಯುತ್ತದೆ. ಓಡಿದರೆ ಓಟ, ಈಜಿದರೆ ಈಜು. ಇದು ನ್ಯಾಯವಾದದ್ದು ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದೆ. ಆದರೆ ಅಲ್ಲಿಯೂ ಜನ ಕಳ್ಳದಾರಿ ಹುಡುಕಿದರು. ಯಾರೋ ಯಾಕೆ, ನಾನೇ ಹುಡುಕಿದೆ. ಆಟದ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ನನ್ನ ವೀರನ ಮುಖವನ್ನು ಗೋಡೆಗೆ ಹಚ್ಚಿ ಓಡಲು ಬಿಟ್ಟು ಕ್ಯಾಂಟೀನಿಗೆ ಹೋದೆ. ಬರುವಷ್ಟರಲ್ಲಿ ಪ್ರಸಾದರಾವ್ ಗಾರು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. "ಏನಮ್ಮಾ, ನಿಮ್ಮವನು ಗೋಡೆ ಜೊತೆ ಜಗಳ ಆಡ್ತಿದ್ದಾನೆ" ಎಂದರು. ಓಟದಲ್ಲಿ ಅವನಿಗೆ ಹನ್ನೆರಡನೇ ಲೆವೆಲ್ ಬಂದಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆನಾದರೂ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ.

ಮೂರನೇ ಜಾತಿಯದು ಪೆಟ್ಟಿಗೆಯ ಆಟ. ಪೆಟ್ಟಿಗೆ ತೆರೆದರೆ ಕತ್ತಿಯೂ ಬರಬಹುದು, ಹಳೆ ಚಪ್ಪಲಿಯೂ ಬರಬಹುದು. ಆಡುವವರನ್ನು ಕಟ್ಟಿಹಾಕುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಅದಕ್ಕೇ ನನಗೆ ಇದು ಕಂಡರಾಗದು. ನಾಲ್ಕನೆಯದು ದಿನಾ ಬಂದು ಹಾಜರಿ ಹಾಕಿದರೆ ಕೊಡುವ ಬಹುಮಾನ. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಇದನ್ನು ನಾವೂ ಇಟ್ಟೆವು. ಒಬ್ಬ ಆಟಗಾರ ನಮಗೆ ಬರೆದ, ನನಗೆ ಆಪರೇಷನ್ ಆಗಿತ್ತು, ತೊಂಬತ್ತೆಂಟು ದಿನದ ಹಾಜರಿ ನೀರಿಗೆ ಹೋಯಿತು ಎಂದು. ಆ ದಿನ ಮನೆಯಲ್ಲಿ ಮಂಕಾಗಿ ಕೂತಿದ್ದೆ. ನಮ್ಮೆಜಮಾನರು ವಿಷಯ ಕೇಳಿ ನಕ್ಕರು.

"ಅಲ್ಲ, ನಮ್ಮ ಬ್ಯಾಂಕಿನಾಗ ಸುದ್ದಾ ಸಿ.ಎಲ್. ಅದಾವಲ್ಲ. ನಿಮ್ಮ ಆಟದಾಗ ರಜಾ ಯಾಕ ಇಲ್ಲ?"

"ಆಟಕ್ಕ ಯಾರರ ರಜಾ ಹಾಕ್ತಾರೇನ್ರಿ?"

"ಹಾಜರಿ ತಗೋತೀರಿ ಅಂದಮ್ಯಾಲ ರಜಾನೂ ಕೊಡಬೇಕವ್ವಾ."

ಮರುದಿನವೇ ಹೋಗಿ ತಿಂಗಳಿಗೆ ಎರಡು ದಿನ ರಜೆ ಎಂದು ನಿಯಮ ಸೇರಿಸಿದೆ. ಇಷ್ಟು ವರ್ಷಗಳಲ್ಲಿ ಆಟಗಾರರಿಂದ ನಮಗೆ ಅತಿ ಹೆಚ್ಚು ಹೊಗಳಿಕೆ ಬಂದದ್ದು ಆ ಬ್ಯಾಂಕಿನ ತಲೆಯಿಂದ ಹುಟ್ಟಿದ ಈ ಒಂದು ನಿಯಮಕ್ಕೆ. ಅವರು ಅದನ್ನು ಇನ್ನೂ ಎಲ್ಲರೆದುರು ಹೇಳಿಕೊಳ್ಳುತ್ತಾರೆ.

ಈಗ ಏಡಿಯ ವಿಷಯಕ್ಕೆ ಬರುತ್ತೇನೆ. ನಾನು ಕೊನೆಯದಾಗಿ ತೂಗಿದ ಆಟ ಒಂದು ಸಮುದ್ರ ತೀರದಲ್ಲಿ ಶುರುವಾಗುತ್ತದೆ. ಮರಳಲ್ಲಿ ಏಡಿಗಳಿರುತ್ತವೆ. ಏಡಿ ಹಿಡಿಯುತ್ತಾ ಐದನೇ ಲೆವೆಲ್ ಮುಟ್ಟಿ, ಹೊಳೆ ದಾಟಿ ಕಾಡಿಗೆ ಹೋಗಿ, ತೋಳಗಳನ್ನು ಹೊಡೆದು, ಹಾಗೇ ಮುಂದೆ ಬೆಟ್ಟ, ಕೋಟೆ ಎಂದು ಸಾಗಬೇಕು. ನಲವತ್ತನೇ ಲೆವೆಲ್ ಮುಟ್ಟಿದವರಿಗೆ ಆ ಲೋಕದಲ್ಲಿ ಎಲ್ಲಿ ಬೇಕಾದರೂ ಒಂದು ಮನೆ ಕಟ್ಟಿಕೊಳ್ಳುವ ಹಕ್ಕು. ನೀವು ಬೆಳೆದಂತೆಲ್ಲ ಸಣ್ಣ ಪ್ರಾಣಿಗಳಿಂದ ಸಿಗುವ ಪಾಯಿಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಎಲ್ಲ ಆಟಗಳಲ್ಲೂ ಹೀಗೇ, ಕೊನೆಗೆ ಅದು ಸೊನ್ನೆಯಾಗುತ್ತದೆ. ಸೊನ್ನೆ! ಪಾಯಿಂಟ್ ಬರೆಯುವ ಶೀಟಿನಲ್ಲಿ ಆ ಕಾಲಂ ಬಂದಾಗ ನನ್ನ ಕೈ ನಿಂತಿತು. ಏಡಿ ಹಿಡಿದಿದ್ದಾರಲ್ಲ, ಒಂದಾದರೂ ಇರಲಿ ಎಂದು ಸೊನ್ನೆ ಇದ್ದಲ್ಲೆಲ್ಲ ಒಂದು ಎಂದು ಬರೆದೆ. ಆ ಒಂದು ಪಾಯಿಂಟಿಗಾಗಿ ಯಾರು ತಾನೇ ಅಲ್ಲಿ ಕೂರುತ್ತಾರೆ ಎಂದುಕೊಂಡೆ.

ಒಂದೂವರೆ ವರ್ಷದ ನಂತರ ಚೇತನ್ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿಗೆ ಓಡಿಬಂದ. ಅವನು ಮೈಸೂರಿನವನು, ನನ್ನ ನಂತರ ಈ ಕೆಲಸ ನೋಡಿಕೊಳ್ಳಬೇಕಾದವನು. ನನ್ನ ಕಾಲದಲ್ಲಿ ನೋಟ್‌ಬುಕ್ಕು, ಅವನ ಕಾಲದಲ್ಲಿ ಪ್ರತಿ ಆಟಗಾರನ ಪ್ರತಿ ಹೆಜ್ಜೆಯೂ ಪರದೆಯ ಮೇಲೆ.

"ಮೇಡಂ, ಇಲ್ನೋಡಿ. ಸತ್ಯವತಿ ಅಂತ ಒಂದು ಪಾತ್ರ. ಮೂವತ್ತೊಂಬತ್ತನೇ ಲೆವೆಲ್ಲು. ಹೊಳೆನೇ ದಾಟಿಲ್ಲ!"

"ಮತ್ತ ಹೆಂಗ ಏರ್ತು?"

"ಬರೀ ಏಡಿ ಮೇಡಂ. ಲಕ್ಷಗಟ್ಲೆ ಏಡಿ. ಇದು ಮನುಷ್ಯರು ಆಡೋದಲ್ಲ, ಯಾರೋ ಪ್ರೋಗ್ರಾಂ ಬಿಟ್ಟಿದ್ದಾರೆ."

ಪ್ರೋಗ್ರಾಂ ಬಿಟ್ಟು ಆಡಿಸಿದರೆ ಪಾತ್ರವನ್ನು ಒಂದನೇ ಲೆವೆಲ್‌ಗೆ ಇಳಿಸುವುದು ನಮ್ಮ ನಿಯಮ. ಪ್ರಸಾದರಾವ್ ಗಾರು ವಿಷಯ ತಿಳಿದದ್ದೇ ಇಳಿಸಿಬಿಡಿ ಎಂದರು. ನಾನು ಎರಡು ದಿನದ ಸಮಯ ಕೇಳಿಕೊಂಡೆ. ಯಂತ್ರವಾದರೆ ಒಂದೇ ಅಳತೆಯ ಅಂತರದಲ್ಲಿ ಗುಂಡಿ ಒತ್ತುತ್ತದೆ. ಇಲ್ಲಿ ಹಾಗಿರಲಿಲ್ಲ. ಬೆಳಗ್ಗೆ ಒಂದು ತಾಸು, ಊಟವಾದ ಮೇಲೆ ಒಂದು ತಾಸು. ನಡುನಡುವೆ ತಪ್ಪುಗಳು. ಕಾರ್ತಿಕ ಸೋಮವಾರಗಳಂದು ಒಂದು ಏಡಿಯನ್ನೂ ಮುಟ್ಟಿರಲಿಲ್ಲ. ಯಾವ ಯಂತ್ರ ಕಾರ್ತಿಕ ಸೋಮವಾರ ಆಚರಿಸುತ್ತದೆ? ಇದನ್ನೆಲ್ಲ ಚೇತನ್‌ನ ಮುಂದೆ ಇಟ್ಟಾಗ ಅವನೂ ತಲೆ ಕೆರೆದುಕೊಂಡ.

ಹಳೆಯ ದೂರುಗಳನ್ನು ಹುಡುಕಿದರೆ ಸತ್ಯವತಿ ಎನ್ನುವ ಹೆಸರಿನಿಂದಲೇ ಬಂದ ಒಂದು ಪತ್ರ ಸಿಕ್ಕಿತು. ಏಡಿಗಳು ಸ್ವಲ್ಪ ನಿಧಾನ ಬರಲಿ, ನನಗೆ ವಯಸ್ಸಾಗಿದೆ ಎಂದು ಬರೆದು, ಕೆಳಗೆ ಫೋನ್ ನಂಬರ್ ಕೊಟ್ಟಿದ್ದರು. ಯಾರೂ ಉತ್ತರ ಬರೆದಿರಲಿಲ್ಲ. ನಾನು ಫೋನ್ ಮಾಡಿದೆ. "ಕಂಪನಿಯವರಾ? ಏಡಿ ಡಿಪಾರ್ಟ್‌ಮೆಂಟಾ?" ಎಂದು ಕೇಳಿ, ಮನೆಗೇ ಬನ್ನಿ ಎಂದರು. ಮರುದಿನ ನಾನೂ ಚೇತನ್ನೂ ಬಸ್ಸು ಹತ್ತಿ ಭೀಮುನಿಪಟ್ಟಣಕ್ಕೆ ಹೋದೆವು.

ಸತ್ಯವತಿ ಗಾರು ಸಣ್ಣ ಆಳು, ದಪ್ಪ ಕನ್ನಡಕ. ತಂಗಿಯ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದರು. "ಕೂರ್ಚೋಂಡಿ, ಕೂರ್ಚೋಂಡಿ" ಎಂದು ಕುರ್ಚಿ ಎಳೆದರು. ಮೂಲೆಯಲ್ಲಿ ಬೂದು ಬಣ್ಣದ ಒಂದು ನಾಯಿ ಮಲಗಿತ್ತು. ಮಾತೆಲ್ಲ ತೆಲುಗಿನಲ್ಲೇ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮಾ, ನೀವು ಹೊಳೆ ಯಾಕೆ ದಾಟಲಿಲ್ಲ? ತೋಳ ಹೊಡೆದರೆ ಒಂದಕ್ಕೆ ಇನ್ನೂರು ಪಾಯಿಂಟು. ಎರಡು ತಿಂಗಳಲ್ಲಿ ನಲವತ್ತು ಮುಟ್ಟಬಹುದಿತ್ತು" ಎಂದೆ.

ಆಕೆ ನಾಯಿಯ ಕಡೆ ಕೈ ತೋರಿಸಿದರು. "ನಿಮ್ಮ ತೋಳ ನಮ್ಮ ಶೇರೂ ಹಾಗೇ ಇದೆ. ಇವನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅವನನ್ನು ಹೊಡೀಲಾ?"

"ಮತ್ತೆ ಏಡಿ?" ಎಂದು ಚೇತನ್ ಕೇಳಿದ.

"ಏಡಿ ತಿನ್ನೋದಲ್ವಾ ನಾಯನಾ!"

ಮೂರು ವರ್ಷ ಶೀಟು ಹಿಡಿದು ತೋಳದ ಬಲ, ವೇಗ, ಹಲ್ಲಿನ ಲೆಕ್ಕ ತೂಗಿದ್ದೆವು. ಅದು ಯಾರ ಮನೆಯ ನಾಯಿಯನ್ನು ಹೋಲುತ್ತದೆ ಎನ್ನುವ ಕಾಲಂ ನಮ್ಮಲ್ಲಿ ಇರಲಿಲ್ಲ.

ಕಾಫಿ ತಂದ ತಂಗಿ ಇನ್ನೊಂದು ಕಾರಣವನ್ನೂ ಸೇರಿಸಿದಳು. "ಅಕ್ಕನಿಗೆ ಮನೆಯ ಹುಚ್ಚು. ಆ ದಡ ನೋಡಿದ ದಿನದಿಂದ ಇದೇ" ಎಂದಳು. ಆಮೇಲೆ ತಿಳಿಯಿತು. ನಮ್ಮ ಚಿತ್ರಕಾರ ಆಟದ ಮೊದಲ ದಡವನ್ನು ಬಿಡಿಸಿದ್ದು ಭೀಮಿಲಿಯ ಒಂದು ಹಳೆಯ ಫೋಟೋ ನೋಡಿ. ಭೀಮುನಿಪಟ್ಟಣವನ್ನು ಅಲ್ಲಿನವರು ಭೀಮಿಲಿ ಎಂದೇ ಕರೆಯುವುದು. ಸಾಲಾಗಿ ಬಾಗಿದ ಮೂರು ತಾಳೆ ಮರ, ಅವುಗಳ ಪಕ್ಕದಲ್ಲಿ ಒಂದು ಕಪ್ಪು ಬಂಡೆ. ಅಕ್ಕತಂಗಿಯರು ಹುಟ್ಟಿದ ಮನೆ ಆ ಬಂಡೆಯ ಪಕ್ಕದಲ್ಲೇ ಇತ್ತಂತೆ. ಸಮುದ್ರ ಒಳಗೆ ಬಂದು ಮೊದಲು ಅಂಗಳ ಹೋಯಿತು, ಆಮೇಲೆ ಮನೆ, ಆಮೇಲೆ ತಾಳೆ ಮರಗಳು. ಈಗ ಅಲ್ಲಿ ನೀರು ಬಿಟ್ಟರೆ ಏನೂ ಇಲ್ಲ. ಸತ್ಯವತಿ ಗಾರು ಫೋನ್ ತೆಗೆದು ಬಂಡೆಯ ಪಕ್ಕದ ಖಾಲಿ ಮರಳನ್ನು ಬೆರಳಿನಿಂದ ತೋರಿಸಿದರು. "ಇಲ್ಲಿ ಕಟ್ತೀನಿ. ಬಾಗಿಲು ಈ ಕಡೆ ಇತ್ತು."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಮರುದಿನ ಪ್ರಸಾದರಾವ್ ಗಾರ ಎದುರು ಹೋಗಿ ತಪ್ಪು ನನ್ನದು, ಆಕೆಯದಲ್ಲ ಎಂದು ಎಲ್ಲವನ್ನೂ ಹೇಳಿದೆ. ಸೊನ್ನೆ ಇದ್ದಲ್ಲಿ ಒಂದು ಬರೆದ ಶೀಟನ್ನೂ ತೋರಿಸಿದೆ. ಅವರು ಅದನ್ನು ನನ್ನ ಕಡೆಗೇ ತಿರುಗಿಸಿದರು.

"ಆಕೆಯ ಲೆವೆಲ್ ಇಳಿಸೋದು ಬೇಡ. ಆದರೆ ಈ ಒಂದು ಇರೋದಕ್ಕಾಗಲ್ಲಮ್ಮಾ. ಎಲ್ಲರೂ ದಡದಲ್ಲೇ ಕೂತರೆ ಕಾಡು ಬೆಟ್ಟ ಕೋಟೆ ಯಾಕೆ ಮಾಡಿದ್ದು ನಾವು? ಮುಂದಿನ ಗುರುವಾರದ ಅಪ್‌ಡೇಟ್‌ನಲ್ಲಿ ಸೊನ್ನೆ ಮಾಡಿ."

"ಆಕೆಗೆ ಇನ್ನು ಒಂದೇ ಲೆವೆಲ್ ಸರ್. ನಾವೇ ಕೊಟ್ಟುಬಿಡೋಣವಾ?"

"ಕೇಳಿ ನೋಡಿ."

ಕೇಳಿದೆ. ಸತ್ಯವತಿ ಗಾರಿಗೆ ಸಿಟ್ಟೇ ಬಂತು. "ನಾನು ಮೂವತ್ತು ವರ್ಷ ಪಾಠ ಮಾಡಿದೋಳು. ಮಕ್ಕಳ ಚಿತ್ರ ನಾನು ತಿದ್ದಿದ್ದೀನೇ ಹೊರತು ಬರೆದುಕೊಟ್ಟಿಲ್ಲ. ನನಗೂ ಯಾರೂ ಬರೆದುಕೊಡೋದು ಬೇಡ." ಅಲ್ಲಿಗೆ ಆ ಮಾತು ಮುಗಿಯಿತು.

ಆಕೆಗೆ ಬೇಕಾಗಿದ್ದದ್ದು ಇನ್ನೂ ಹನ್ನೊಂದು ಸಾವಿರ ಏಡಿ. ದಿನಕ್ಕೆ ಒಂಬೈನೂರರಂತೆ ಹನ್ನೆರಡು ದಿನ. ನಮ್ಮ ಬಳಿ ಇದ್ದದ್ದು ಎಂಟು. ಅಪ್‌ಡೇಟ್‌ಗೆ ಮೊದಲು ಎಲ್ಲ ಆಟಗಾರರಿಗೂ ಸೂಚನೆ ಹೋಗುತ್ತದೆ, ಆಕೆಗೂ ಹೋಯಿತು. ಮರುದಿನ ಪರದೆ ನೋಡಿದರೆ ಸಾವಿರದ ಮುನ್ನೂರು ಏಡಿ. ಅದರ ಮರುದಿನ ಸಾವಿರದ ನಾನೂರು. ಚೇತನ್ ಕಚೇರಿಗೆ ಬಂದವನೇ ಚೀಲ ಕೆಳಗಿಡುವ ಮೊದಲು ಆಕೆಯ ಲೆಕ್ಕ ನೋಡುತ್ತಿದ್ದ. ಭಾನುವಾರ ಎಂಟುನೂರಕ್ಕೆ ನಿಂತಾಗ ತಡೆಯಲಾಗದೆ ಫೋನ್ ಮಾಡಿದೆ. ತಂಗಿ ಎತ್ತಿಕೊಂಡು, "ಹೆಬ್ಬೆರಳು ಊದಿದೆ, ಎಣ್ಣೆ ಹಚ್ಚಿದ್ದೀನಿ. ಎಡಗೈಯಲ್ಲಿ ಹಿಡಿಯೋದು ಕಲೀತಿದ್ದಾಳೆ" ಎಂದಳು.

ಗುರುವಾರ ಬಂತು. ಅಪ್‌ಡೇಟ್ ಹನ್ನೊಂದಕ್ಕೆ. ಗುಂಡಿ ಒತ್ತಬೇಕಾದವಳು ನಾನು. ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಪ್ರಸಾದರಾವ್ ಗಾರು ಎಂದಿನಂತೆ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಪಕ್ಕದ ಪರದೆಯಲ್ಲಿ ಸತ್ಯವತಿ ಗಾರ ಲೆಕ್ಕ ತೆರೆದಿತ್ತು. ಇನ್ನೂ ಅರವತ್ತೊಂದು ಏಡಿ. ಒಂದು ಏಡಿ ಮರಳಿನಿಂದ ಏಳುವುದಕ್ಕೇ ಎಂಟು ಸೆಕೆಂಡು ಬೇಕು. ಅದನ್ನು ತೂಗಿ ಇಟ್ಟವಳೂ ನಾನೇ. ಎಷ್ಟು ಲೆಕ್ಕ ಹಾಕಿದರೂ ಎಂಟು ನಿಮಿಷಕ್ಕಿಂತ ಕಡಿಮೆ ಆಗುವಂತಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದಾಯಿತು. ಗುಂಡಿ ಒತ್ತಲು ಕೈ ಎತ್ತಿದೆ.

"ಒಂದು ನಿಮಿಷ ತಾಳಿ" ಎಂದರು ಪ್ರಸಾದರಾವ್ ಗಾರು. ಪರದೆಯನ್ನು ನೋಡಿದರು. ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಾನು ಟೀ ಕುಡಿದು ಬರ್ತೀನಿ. ನಾನು ಬರೋವರೆಗೂ ಒತ್ತಬೇಡಿ."

ಅವರೊಂದಿಗೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಹನ್ನೊಂದರ ಹೊತ್ತಿಗೆ ಅವರು ಟೀ ಕುಡಿದದ್ದನ್ನು ಕಂಡವಳಲ್ಲ. ಕ್ಯಾಂಟೀನಿನವನು ಆಮೇಲೆ ಹೇಳಿದ, ಸರ್ ಎರಡು ಟೀ ಕುಡಿದರು, ಎರಡನೆಯದನ್ನು ಆರಿಸಿ ಆರಿಸಿ ಕುಡಿದರು ಎಂದು. ಅಷ್ಟರಲ್ಲಿ ಇಡೀ ಕಚೇರಿ ನನ್ನ ಮೇಜಿನ ಸುತ್ತ ನೆರೆದಿತ್ತು. ಇಪ್ಪತ್ತು, ಹತ್ತು, ನಾಲ್ಕು. ನಲವತ್ತನೇ ಲೆವೆಲ್ ಎಂದು ಪರದೆ ಮಿಂಚಿದಾಗ ಚೇತನ್ ಮೇಜು ಬಡಿದ ರಭಸಕ್ಕೆ ನನ್ನ ಪೆನ್ನಿನ ಲೋಟ ಉರುಳಿತು. ಪ್ರಸಾದರಾವ್ ಗಾರು ಬಾಯಿ ಒರೆಸಿಕೊಳ್ಳುತ್ತಾ ಬಂದು, "ಇನ್ನೂ ಒತ್ತಿಲ್ವಾ? ಎಷ್ಟು ತಡ ಮಾಡ್ತೀರಮ್ಮಾ!" ಎಂದು ನನ್ನನ್ನೇ ಗದರಿದರು. ಒತ್ತಿದೆ. ಏಡಿ ಸೊನ್ನೆಯಾಯಿತು.

ಅದಾಗಿ ಕೆಲ ತಿಂಗಳಿಗೆ ನಾನು ನಿವೃತ್ತಳಾದೆ. ನೋಟ್‌ಬುಕ್ಕುಗಳನ್ನು ಚೇತನ್‌ಗೆ ಕೊಟ್ಟು ಬಂದೆ. ಕೊನೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನು ತೋಳಕ್ಕೆ ಒಂದು ಹೊಸ ಕಾಲಂ ಎಳೆದಿದ್ದಾನೆ. ಈಗ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ನಾನೂ ಆ ಆಟ ಆಡುತ್ತೇನೆ, ಸಂಬಳವಿಲ್ಲದೆ, ಶೀಟಿಲ್ಲದೆ. ಆಗಾಗ ಬಂಡೆಯ ಪಕ್ಕದ ಮನೆಗೆ ಹೋಗುತ್ತೇನೆ. ಬಾಗಿಲು ಸಮುದ್ರದ ಕಡೆಗಿದೆ. ಬಾಗಿಲ ಮುಂದೆ ಸತ್ಯವತಿ ಗಾರು ಇನ್ನೂ ಏಡಿ ಹಿಡಿಯುತ್ತಿರುತ್ತಾರೆ. ಒಂದೊಂದು ಏಡಿಗೂ ಪರದೆಯ ಮೇಲೆ ಸೊನ್ನೆ, ಸೊನ್ನೆ, ಸೊನ್ನೆ ಎಂದು ಏಳುತ್ತದೆ. ನೋಡಲಾಗದೆ ಹೋದ ವಾರ ಫೋನ್ ಮಾಡಿ ಕೇಳಿಯೇಬಿಟ್ಟೆ. ಈಗ ಅದರಿಂದ ಏನೂ ಸಿಗುವುದಿಲ್ಲವಲ್ಲ, ಇನ್ನೂ ಯಾಕೆ ಹಿಡಿಯುತ್ತೀರಿ ಎಂದು.

"ಏನು ಮೇಡಂ ನೀವು" ಎಂದರು ಆಕೆ. "ಮನೆ ಆದಮೇಲೆ ಅಡುಗೆ ಬೇಡವಾ?"